ಕರ್ಣ ಯಾವುದು, ವಿಕರ್ಣ ಯಾವುದು: ಬಹುಭಾಷಾ ಪದಕೋಶ ಕಟ್ಟುವವರಿಗೆ

ಪ್ರಶ್ನೆ: ಗಣಿತ ಮತ್ತು ಖಗೋಳವಿಜ್ಞಾನದ ಪದಗಳನ್ನು ಇಂಗ್ಲಿಷ್, ಕನ್ನಡ, ಹಿಂದಿ, ಮರಾಠಿ, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಅಕ್ಕಪಕ್ಕ ತೋರಿಸುವ ಪದಕೋಶವೊಂದನ್ನು ಕೆಲವು ಗೆಳೆಯರು ಸೇರಿ ಸಿದ್ಧಪಡಿಸುತ್ತಿದ್ದೇವೆ. ಮೊದಲ ಅಂಕಣದಲ್ಲಿ ಇಂಗ್ಲಿಷ್ ಪದವಿದೆ, ಉಳಿದವು ಅದರ ಬಲಕ್ಕೆ. ಕೆಲಸ ಆರಂಭದಲ್ಲೇ ಸಿಕ್ಕಿಹಾಕಿಕೊಂಡಿದೆ. ನಮ್ಮ ‘ವಿಕರ್ಣ’ ಹಿಂದಿಯಲ್ಲಿ ‘ಕರ್ಣ’, ನಮ್ಮ ‘ಕರ್ಣ’ ಹಿಂದಿಯಲ್ಲಿ ‘ವಿಕರ್ಣ’. ತಪ್ಪು ಯಾರದು? ‘ಸೈನ್’ ಬದಲು ‘ಜ್ಯಾ’ ಎಂಬ ನಮ್ಮ ಹಳೆಯ ಪದವನ್ನು ಮರಳಿ ತರಬಾರದೇಕೆ? ಗ್ರಹ, ನಕ್ಷತ್ರಗಳ ಹೆಸರುಗಳನ್ನು ಅನುವಾದಿಸಬೇಕೇ, ಹಾಗೆಯೇ ಇಡಬೇಕೇ?

ಉತ್ತರ: ಕರ್ಣ, ವಿಕರ್ಣಗಳ ವಿಷಯದಲ್ಲಿ ಯಾರ ತಪ್ಪೂ ಇಲ್ಲ. ತಪ್ಪೇನಾದರೂ ಇದ್ದರೆ ಅದು ನಿಮ್ಮ ಮೊದಲ ಅಂಕಣದಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ಈ ಜಗಳವನ್ನು ಬಿಡಿಸೋಣ. ಉಳಿದ ಪ್ರಶ್ನೆಗಳ ಅರ್ಧ ಉತ್ತರ ಇದರೊಳಗೇ ಇದೆ.

ಒಂದು ಆಯತ ಬರೆದು ಅದರ ಎದುರುಬದುರು ಮೂಲೆಗಳನ್ನು ಸೇರಿಸಿ ಗೆರೆ ಎಳೆಯಿರಿ. ಆಯತದ ಕಡೆಯಿಂದ ನೋಡಿದರೆ ಅದು ಮೂಲೆಯಿಂದ ಮೂಲೆಗೆ ಹೋಗುವ ಗೆರೆ. ಆ ಗೆರೆಯಿಂದ ಹುಟ್ಟಿದ ಎರಡು ತ್ರಿಭುಜಗಳ ಕಡೆಯಿಂದ ನೋಡಿದರೆ ಲಂಬಕೋನಕ್ಕೆ ಎದುರಾಗಿರುವ ಬಾಹು. ಗೆರೆ ಒಂದೇ ಆದ್ದರಿಂದ ಸಂಸ್ಕೃತದ ಗಣಿತಜ್ಞರು ಒಂದೇ ಹೆಸರಿನಲ್ಲಿ ಕೆಲಸ ಮುಗಿಸಿದರು. 12ನೇ ಶತಮಾನದ ಭಾಸ್ಕರಾಚಾರ್ಯರಲ್ಲಿ ಲಂಬಕೋನ ತ್ರಿಭುಜದ ಮೂರು ಬಾಹುಗಳು ಭುಜ, ಕೋಟಿ, ಕರ್ಣ. ಚತುರ್ಭುಜದ ಮೂಲೆಗೆರೆಯೂ ಕರ್ಣವೇ. ಆಧುನಿಕ ಶಾಲಾ ಗಣಿತ ಬಂದಾಗ ಇಂಗ್ಲಿಷಿನ ‘ಹೈಪೋಟೆನ್ಯೂಸ್’, ‘ಡಯಾಗನಲ್’ ಎಂಬ ಎರಡು ಪದಗಳಿಗೆ ಎರಡು ಪದ ಬೇಕಾಯಿತು. ಕನ್ನಡದ ಪಠ್ಯಪುಸ್ತಕಗಳು ಚತುರ್ಭುಜಕ್ಕೆ ಕರ್ಣವನ್ನು ಉಳಿಸಿ, ತ್ರಿಭುಜಕ್ಕೆ ವಿಕರ್ಣ ಎಂದವು. ಹಿಂದಿಯ ಪುಸ್ತಕಗಳು ತ್ರಿಭುಜಕ್ಕೆ ಕರ್ಣ ಉಳಿಸಿ ಚತುರ್ಭುಜಕ್ಕೆ ವಿಕರ್ಣ ಕೊಟ್ಟವು. ಮರಾಠಿ ಈ ರಗಳೆಗೇ ಹೋಗಲಿಲ್ಲ. ಪೈಥಾಗೊರಸನ ಪ್ರಮೇಯದಲ್ಲೂ ಕರ್ಣ, ಚೌಕೋನದಲ್ಲೂ ಕರ್ಣ. ಯಾವುದೆಂದು ವಾಕ್ಯವೇ ಹೇಳುತ್ತದೆ. ಹೀಗೆ ಒಂದೇ ಬೇರಿನಿಂದ ಮೂರು ವ್ಯವಸ್ಥೆಗಳು ಬೆಳೆದವು, ಮೂರೂ ತಮ್ಮೊಳಗೆ ಸರಿಯಾಗಿವೆ.

ಇಂಥ ಅದಲುಬದಲು ಭಾರತೀಯ ಭಾಷೆಗಳ ರೋಗ ಎಂದುಕೊಳ್ಳಬೇಡಿ. ಒಂದು ಜೊತೆ ಬಾಹುಗಳು ಮಾತ್ರ ಸಮಾಂತರವಾಗಿರುವ ಚತುರ್ಭುಜಕ್ಕೆ ಬ್ರಿಟನ್ನಿನಲ್ಲಿ ‘ಟ್ರಪೀಸಿಯಂ’ ಎನ್ನುತ್ತಾರೆ, ಅಮೆರಿಕದಲ್ಲಿ ‘ಟ್ರಪೆಜಾಯ್ಡ್’ ಎನ್ನುತ್ತಾರೆ. ಅಮೆರಿಕದ ಹಳೆಯ ಪುಸ್ತಕಗಳಲ್ಲಿ ಟ್ರಪೀಸಿಯಂ ಎಂದರೆ ಯಾವ ಬಾಹುಗಳೂ ಸಮಾಂತರವಲ್ಲದ ಚತುರ್ಭುಜ. ಗ್ರೀಕ್ ವ್ಯಾಖ್ಯಾನಕಾರ ಪ್ರೋಕ್ಲಸ್ ಮಾಡಿದ್ದ ವಿಂಗಡಣೆ 1795ರಲ್ಲಿ ಪ್ರಕಟವಾದ ಚಾರ್ಲ್ಸ್ ಹಟನ್‌ನ ಇಂಗ್ಲಿಷ್ ಗಣಿತ ನಿಘಂಟಿನಲ್ಲಿ ತಲೆಕೆಳಗಾಯಿತು. ಅದು ಅಟ್ಲಾಂಟಿಕ್‌ನ ಆಚೆ ಬೇರೂರಿತು, ಈಚೆ ಕೆಲವು ಕಾಲದ ನಂತರ ಸರಿಹೋಯಿತು. ನಮ್ಮ ‘ತ್ರಾಪಿಜ್ಯ’ ಬ್ರಿಟಿಷ್ ದಾರಿ ಹಿಡಿದಿದೆ. ಅಂದರೆ ನಿಮ್ಮ ಕೋಶದಲ್ಲಿ ಇಂಗ್ಲಿಷಿಗೇ ಎರಡು ಉಪಅಂಕಣ ಬೇಕಾದಾವು.

ಈಗ ಮೊದಲ ಅಂಕಣದ ವಿಷಯ. ಇಂಗ್ಲಿಷ್ ಪದವನ್ನು ಎಡತುದಿಯಲ್ಲಿ ಕೂರಿಸಿ ಉಳಿದ ಭಾಷೆಗಳನ್ನು ಅದರ ಮುಂದೆ ಸಾಲಾಗಿ ನಿಲ್ಲಿಸಿದರೆ, ಇಂಗ್ಲಿಷ್ ಜಗತ್ತನ್ನು ಹೇಗೆ ತುಂಡು ಮಾಡಿದೆಯೋ ಹಾಗೆಯೇ ಎಲ್ಲರೂ ಮಾಡಿದ್ದಾರೆ ಎಂದು ಒಪ್ಪಿಕೊಂಡಂತೆ. ಎಡತುದಿಯಲ್ಲಿ ಇರಬೇಕಾದದ್ದು ಪರಿಕಲ್ಪನೆ. ಅದಕ್ಕೊಂದು ಕ್ರಮಸಂಖ್ಯೆ, ಒಂದೆರಡು ವಾಕ್ಯದ ವ್ಯಾಖ್ಯೆ, ಸಾಧ್ಯವಿದ್ದಲ್ಲಿ ಒಂದು ಚಿತ್ರ ಅಥವಾ ಸೂತ್ರ. ‘ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಎದುರಿನ ಬಾಹು’ ಎಂಬುದು ಒಂದು ಸಾಲು. ‘ಬಹುಭುಜಾಕೃತಿಯಲ್ಲಿ ಪಕ್ಕಪಕ್ಕದಲ್ಲಿಲ್ಲದ ಎರಡು ಶೃಂಗಗಳನ್ನು ಸೇರಿಸುವ ರೇಖಾಖಂಡ’ ಎಂಬುದು ಇನ್ನೊಂದು ಸಾಲು. ಇಂಗ್ಲಿಷ್ ಕೂಡ ಉಳಿದವರ ಪಂಕ್ತಿಯಲ್ಲೇ ಕುಳಿತುಕೊಳ್ಳಲಿ. ಹೀಗೆ ಮಾಡಿದ ಕೂಡಲೇ ಕರ್ಣ, ವಿಕರ್ಣಗಳು ಎರಡು ಸಾಲುಗಳಲ್ಲಿ ಅಡ್ಡಾದಿಡ್ಡಿಯಾಗಿ ಕುಳಿತರೂ ಯಾರಿಗೂ ಗೊಂದಲವಾಗುವುದಿಲ್ಲ. ಇದು ನನ್ನ ಶೋಧವೇನಲ್ಲ. ಆಸ್ಟ್ರಿಯಾದ ಎಂಜಿನಿಯರ್ ಓಯ್ಗನ್ ವ್ಯೂಸ್ಟರ್ 1930ರ ದಶಕದಿಂದ ಪ್ರತಿಪಾದಿಸುತ್ತ ಬಂದ ಕ್ರಮ ಇದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪರಿಭಾಷಾ ಸಮಿತಿ ಇಂದಿಗೂ ಇದನ್ನೇ ಆಧಾರವಾಗಿ ಇಟ್ಟುಕೊಂಡಿದೆ.

ಇದರ ಬೆಲೆ ಗೊತ್ತಾಗುವುದು ಪದಗಳ ಅಗಲ ಬೇರೆಬೇರೆ ಇರುವಲ್ಲಿ. ಕರ್ಣದಲ್ಲಿ ಕನಿಷ್ಠ ವಸ್ತುಗಳಾದರೂ ಎರಡೇ ಇದ್ದವು. ಫ್ರೆಂಚಿನ ‘ಪೊಸಿತೀಫ್’ ನೋಡಿ. ನೋಟಕ್ಕೆ ಇಂಗ್ಲಿಷಿನ ‘ಪಾಸಿಟಿವ್’ನ ಅವಳಿ. ಆದರೆ ಫ್ರೆಂಚ್ ಗಣಿತದಲ್ಲಿ ಸೊನ್ನೆಯೂ ಪೊಸಿತೀಫ್. ಸೊನ್ನೆಯನ್ನು ಹೊರಗಿಡಬೇಕಿದ್ದರೆ ‘ಕಟ್ಟುನಿಟ್ಟಾಗಿ’ ಎಂಬ ವಿಶೇಷಣ ಸೇರಿಸುತ್ತಾರೆ. ಕನ್ನಡದ ‘ಧನ ಸಂಖ್ಯೆ’ ಇಂಗ್ಲಿಷಿನ ಜೊತೆಗಿದೆ, ಸೊನ್ನೆಗೆ ಅಲ್ಲಿ ಪ್ರವೇಶವಿಲ್ಲ. ಫ್ರೆಂಚ್ ಪ್ರಮೇಯವೊಂದನ್ನು ಈ ಎಚ್ಚರವಿಲ್ಲದೆ ಕನ್ನಡಕ್ಕೆ ತಂದರೆ ಪ್ರಮೇಯವೇ ಬೇರೆಯಾಗುತ್ತದೆ, ಭಾಷೆ ಮಾತ್ರ ನಿರ್ದೋಷಿಯಂತೆ ಕಾಣುತ್ತದೆ. ಇಂಥ ತಪ್ಪನ್ನು ಕರಡು ತಿದ್ದುವವರು ಹಿಡಿಯಲಾರರು.

ಜರ್ಮನ್‌ನಲ್ಲಿ ಪೂರ್ಣಾಂಕಕ್ಕೆ ‘ಗಾಂತ್ಸೆ ತ್ಸಾಲ್’ ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ಕನ್ನಡದಲ್ಲಿ ‘ಪೂರ್ಣ ಸಂಖ್ಯೆ’. ಆದರೆ ನಮ್ಮ ಶಾಲೆಗಳಲ್ಲಿ ಪೂರ್ಣ ಸಂಖ್ಯೆ ಎಂದರೆ 0, 1, 2, 3 ಇತ್ಯಾದಿ ಮಾತ್ರ; ಋಣ ಸಂಖ್ಯೆಗಳೂ ಸೇರಬೇಕಾದರೆ ‘ಪೂರ್ಣಾಂಕ’ ಎನ್ನಬೇಕು. ಪೂರ್ಣಾಂಕಗಳ ಗಣಕ್ಕೆ ಜಗತ್ತೆಲ್ಲ ಬಳಸುವ ಝಡ್ ಅಕ್ಷರ ಬಂದದ್ದು ಇದೇ ಜರ್ಮನ್ ‘ತ್ಸಾಲ್’, ಅಂದರೆ ಸಂಖ್ಯೆ ಎಂಬ ಪದದಿಂದ. ಪೂರ್ಣ ಸಂಖ್ಯೆ ಎಂಬ ಈ ಮಧ್ಯದ ವರ್ಗವಂತೂ ಇಂಗ್ಲಿಷ್ ಶಾಲಾ ಪುಸ್ತಕಗಳ ಸೃಷ್ಟಿ. ಸೊನ್ನೆಯನ್ನು ಸ್ವಾಭಾವಿಕ ಸಂಖ್ಯೆಗಳಲ್ಲೇ ಸೇರಿಸುವ ಫ್ರೆಂಚರಿಗೆ ಅದರ ಅಗತ್ಯವೇ ಇಲ್ಲ. ‘ಸ್ವಾಭಾವಿಕ ಸಂಖ್ಯೆ’ಗೆ ನಿಮ್ಮ ಕೋಶದಲ್ಲಿ ಎರಡು ಸಾಲು ಬೇಕು: ಸೊನ್ನೆ ಇರುವುದು, ಸೊನ್ನೆ ಇಲ್ಲದ್ದು. ಎರಡರಲ್ಲೂ ಅದೇ ಪದ ಬಂದರೆ ಬರಲಿ.

ಅತಿ ಹೆಚ್ಚು ಕಾಡುವ ಪದ ‘ಕ್ಷೇತ್ರ’. ಕೂಡು, ಕಳೆ, ಗುಣಿಸು, ಸೊನ್ನೆಯಲ್ಲದ್ದರಿಂದ ಭಾಗಿಸು ಎಂಬ ನಾಲ್ಕೂ ಕ್ರಿಯೆಗಳು ಅಡ್ಡಿಯಿಲ್ಲದೆ ನಡೆಯುವ ಬೀಜಗಣಿತ ರಚನೆಗೆ 1871ರಲ್ಲಿ ಗಣಿತಜ್ಞ ಡೆಡೆಕಿಂಡ್ ಜರ್ಮನ್‌ನಲ್ಲಿ ‘ಕ್ಯೋರ್ಪರ್’ ಎಂದು ಹೆಸರಿಟ್ಟರು, ಅಂದರೆ ದೇಹ. ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳು ದೇಹವನ್ನೇ ಅನುವಾದಿಸಿಕೊಂಡವು. ಇಂಗ್ಲಿಷ್ ಯಾಕೋ ‘ಫೀಲ್ಡ್’ ಎಂದಿತು, ರಷ್ಯನ್ನಿನಲ್ಲೂ ಬಯಲು ಎಂಬರ್ಥದ ಪದವೇ ನಿಂತಿತು. ಇಲ್ಲಿಂದ ತೊಂದರೆ ಶುರು. ಭೌತವಿಜ್ಞಾನದ ಕಾಂತಕ್ಷೇತ್ರ, ಗುರುತ್ವ ಕ್ಷೇತ್ರಗಳಿಗೂ ಇಂಗ್ಲಿಷಿನಲ್ಲಿ ಫೀಲ್ಡ್. ಜರ್ಮನ್, ಫ್ರೆಂಚ್ ಓದುಗರಿಗೆ ಇವು ಎರಡು ಸಂಬಂಧವಿಲ್ಲದ ಪದಗಳು, ಇಂಗ್ಲಿಷಿನವರಿಗೆ ಒಂದೇ. ಕನ್ನಡ ಇಂಗ್ಲಿಷನ್ನು ಹಿಂಬಾಲಿಸಿ ಎರಡಕ್ಕೂ ಕ್ಷೇತ್ರ ಎಂದಿತು. ಅದಕ್ಕೂ ಮುಂಚೆ ಸಂಸ್ಕೃತ ಗಣಿತದಲ್ಲಿ ಕ್ಷೇತ್ರ ಎಂದರೆ ಸಮತಲದ ಆಕೃತಿ. ತ್ರಿಭುಜ, ಚತುರ್ಭುಜಗಳ ಲೆಕ್ಕಕ್ಕೆ ಕ್ಷೇತ್ರಗಣಿತವೆಂದೇ ಹೆಸರಿತ್ತು, ಹಿಂದಿ, ಮರಾಠಿಗಳಲ್ಲಿ ವಿಸ್ತೀರ್ಣ ಈಗಲೂ ಕ್ಷೇತ್ರಫಲವೇ. ಚುನಾವಣೆಯದನ್ನೂ ತೀರ್ಥಯಾತ್ರೆಯದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆಯೇ ಮೂರು ಕ್ಷೇತ್ರಗಳಾದವು. ಇಷ್ಟು ಸಾಲದೆಂಬಂತೆ, ಫ್ರೆಂಚ್ ಗಣಿತದ ‘ದೇಹ’ದಲ್ಲಿ ಗುಣಾಕಾರ ಪರಿವರ್ತನೀಯವಾಗಿರಲೇಬೇಕು (ಯಾವುದನ್ನು ಮೊದಲಿಟ್ಟು ಗುಣಿಸಿದರೂ ಉತ್ತರ ಒಂದೇ ಆಗಬೇಕು) ಎಂಬ ಕಟ್ಟು ಎಲ್ಲ ಲೇಖಕರಲ್ಲೂ ಇಲ್ಲ; ಇಂಗ್ಲಿಷಿನ ಫೀಲ್ಡ್‌ನಲ್ಲಿ ಅದು ಕಡ್ಡಾಯ. ಬೀಜಗಣಿತದ ಕ್ಷೇತ್ರ, ಭೌತ ಕ್ಷೇತ್ರ, ಆಕೃತಿ ಎಂಬ ಮೂರು ಸಾಲು ಬರೆದು, ಮೊದಲನೆಯದರ ಫ್ರೆಂಚ್ ಅಂಕಣದಲ್ಲಿ ಈ ಟಿಪ್ಪಣಿ ಹಾಕಿ. ಕನ್ನಡಕ್ಕೆ ಹೊಸ ಪದ ಕಟ್ಟಲು ಹೋಗಬೇಡಿ. ಕಾಂತಕ್ಷೇತ್ರವನ್ನೂ ಪರಿಮೇಯ ಸಂಖ್ಯೆಗಳ ಕ್ಷೇತ್ರವನ್ನೂ ಗೊಂದಲ ಮಾಡಿಕೊಳ್ಳುವ ಓದುಗ ಇನ್ನೂ ಹುಟ್ಟಿಲ್ಲ.

ನೋಡಿ, ನಾನೇ ‘ಪರಿಮೇಯ’ ಎಂದುಬಿಟ್ಟೆ. ಅದು ಹಿಂದಿ, ಮರಾಠಿಗಳ ಪದ. ಕನ್ನಡ ಪಠ್ಯಗಳಲ್ಲಿ ‘ಭಾಗಲಬ್ಧ ಸಂಖ್ಯೆ’. ಪರಿಮೇಯ ಎಂದರೆ ಅಳೆಯಲು ಬರುವಂಥದ್ದು. ಒಂದೇ ಅಳತೆಗೋಲಿನಿಂದ ಅಳೆಯಲಾಗದ ಉದ್ದಗಳನ್ನು ಕಂಡು ಗ್ರೀಕರು ಬೆಚ್ಚಿದ ಪ್ರಸಂಗ ಅದರ ಹಿಂದಿದೆ. ಭಾಗಲಬ್ಧ ಎಂದರೆ ಭಾಗಿಸಿ ಪಡೆದದ್ದು; ಈ ಸಂಖ್ಯೆಗಳಿಗೆ ಎಲ್ಲೆಡೆ ಬಳಸುವ ಕ್ಯೂ ಚಿಹ್ನೆಯೂ ‘ಕ್ವೋಶಂಟ್’, ಅಂದರೆ ಭಾಗಲಬ್ಧ ಎಂಬ ಪದದ ಮೊದಲ ಅಕ್ಷರವೇ. ಕನ್ನಡದ್ದು ಹೆಚ್ಚು ಪಾರದರ್ಶಕ ಎಂಬುದು ನನ್ನ ಅಭಿಪ್ರಾಯ. ಒಂದೇ ತೊಡಕು: 7ನ್ನು 2ರಿಂದ ಭಾಗಿಸಿದಾಗ ಬರುವ 3ಕ್ಕೂ ಭಾಗಲಬ್ಧ ಎನ್ನುತ್ತೇವೆ, ಶೇಷ 1. ಏಳರ ಅರ್ಧ ಎಂಬ ಸಂಖ್ಯೆಯೂ ಭಾಗಲಬ್ಧ ಸಂಖ್ಯೆ. ಆದ್ದರಿಂದ ಎರಡನೆಯದನ್ನು ಬರೆಯುವಾಗ ‘ಸಂಖ್ಯೆ’ಯನ್ನು ಎಂದೂ ಕೈಬಿಡಬೇಡಿ.

ಇಂಗ್ಲಿಷ್ ಪದವೊಂದೇ ಹಲವು ಸಾಲುಗಳಿಗೆ ಒಡೆಯುವ ಸಂದರ್ಭವೂ ಇದೆ. ‘ನಾರ್ಮಲ್’ ಎಂಬ ಪದ ವಕ್ರರೇಖೆಗೆ ಎಳೆದ ಲಂಬಕ್ಕೂ, ಗಂಟೆಯಾಕಾರದ ಸಂಭವನೀಯತಾ ವಿತರಣೆಗೂ, ವಿಶೇಷ ಗುಣವುಳ್ಳ ಉಪಸಮೂಹಕ್ಕೂ, ಒಂದು ಬಗೆಯ ಮಾತೃಕೆಗೂ, ದಶಮಾಂಶ ವಿಸ್ತರಣೆಯಲ್ಲಿ ಎಲ್ಲ ಅಂಕಿಗಳೂ ಸಮಪ್ರಮಾಣದಲ್ಲಿ ಬರುವ ಸಂಖ್ಯೆಗೂ ಅಂಟಿಕೊಂಡಿದೆ. ಇವಕ್ಕೆಲ್ಲ ‘ಸಾಮಾನ್ಯ’ ಎಂದು ಬರೆದರೆ ಅದು ಅನುವಾದವಾಗುವುದಿಲ್ಲ, ಶರಣಾಗತಿಯಾಗುತ್ತದೆ. ಫ್ರೆಂಚರು ಉಪಸಮೂಹದ ವಿಷಯದಲ್ಲಿ ‘ವಿಶಿಷ್ಟ’ ಎಂಬರ್ಥದ ಬೇರೆ ಪದವನ್ನೂ ಬಳಸುತ್ತಾರೆ. ಪ್ರತಿಯೊಂದು ಅರ್ಥಕ್ಕೂ ಬೇರೆ ಸಾಲು, ಬೇರೆ ಕನ್ನಡ ಪದ. ಇಂಗ್ಲಿಷ್ ಅಂಕಣದಲ್ಲಿ ಮಾತ್ರ ಅದೇ ಪದ ಮರುಕಳಿಸಲಿ.

ಇನ್ನು ‘ಜ್ಯಾ’. ಇದರ ಪ್ರಯಾಣದ ಕತೆ ಅನೇಕರಿಗೆ ಗೊತ್ತು. ಬಿಲ್ಲಿನ ಹೆದೆ ಎಂಬರ್ಥದ ಜ್ಯಾ ಅಥವಾ ಜೀವಾ ಅರಬ್ಬಿಗೆ ‘ಜೀಬಾ’ ಎಂದು ಹೋಯಿತು. ಸ್ವರಚಿಹ್ನೆಯಿಲ್ಲದೆ ಬರೆದ ಆ ಪದವನ್ನು ಮುಂದಿನವರು ಮಡಿಲು, ಮಡಿಕೆ ಎಂಬರ್ಥದ ‘ಜೈಬ್’ ಎಂದು ಓದಿದರು. 12ನೇ ಶತಮಾನದ ಲ್ಯಾಟಿನ್ ಅನುವಾದಕರು ನಿಷ್ಠೆಯಿಂದ ಅದನ್ನು ‘ಸೈನಸ್’ ಎಂದು ಅನುವಾದಿಸಿದರು. ಹೀಗಾಗಿ ‘ಸೈನ್ ಮೂಲತಃ ನಮ್ಮದೇ, ಮರಳಿ ತರೋಣ’ ಎಂಬ ವಾದ ಆಗಾಗ ಏಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ, ಕಾರಣ ಎರಡು.

ಮೊದಲನೆಯದಾಗಿ, ಎರಡೂ ಒಂದೇ ಪರಿಕಲ್ಪನೆ ಅಲ್ಲ. 499ರ ಆಸುಪಾಸಿನಲ್ಲಿ ಆರ್ಯಭಟ ಕೊಟ್ಟ ಜ್ಯಾಗಳು ಉದ್ದಗಳು. ವೃತ್ತದ ಪರಿಧಿಯನ್ನು 21,600 ಕಲೆಗಳಾಗಿ (ಒಂದು ಡಿಗ್ರಿಗೆ 60 ಕಲೆ) ಭಾಗಿಸಿದರೆ ತ್ರಿಜ್ಯ ಸುಮಾರು 3,438 ಕಲೆ. ಆ ವೃತ್ತದಲ್ಲಿ 225 ಕಲೆಗಳ, ಅಂದರೆ 3 ಡಿಗ್ರಿ 45 ನಿಮಿಷದ ಕೋನದ ಜ್ಯಾ 225. 90 ಡಿಗ್ರಿಯದು 3,438. ನಾವು ಈಗ ಬಳಸುವ ಸೈನ್ ಒಂದು ಅನುಪಾತ, ಅದರ ಗರಿಷ್ಠ ಬೆಲೆ 1. ಯುರೋಪಿನಲ್ಲೂ ಸೈನ್ ಬಹುಕಾಲ ಉದ್ದವೇ ಆಗಿತ್ತು. ತ್ರಿಜ್ಯವನ್ನು 1 ಎಂದಿಟ್ಟು ನಡೆಯುವ ಪದ್ಧತಿಯನ್ನು 1748ರ ತನ್ನ ಗ್ರಂಥದ ಮೂಲಕ ಗಟ್ಟಿಮಾಡಿದವರು ಗಣಿತಜ್ಞ ಆಯ್ಲರ್. ಎರಡನೆಯದಾಗಿ, ಕನ್ನಡದಲ್ಲಿ ಜ್ಯಾ ಎಂಬ ಆಸನ ಖಾಲಿಯಿಲ್ಲ. ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡಕ್ಕೆ ಶಾಲೆಯಲ್ಲಿ ಜ್ಯಾ ಎಂದು ಕಲಿಸುತ್ತೇವೆ. ಹಳೆಯ ಗ್ರಂಥಗಳ ಜ್ಯಾ ಅದರ ಅರ್ಧ, ‘ಅರ್ಧಜ್ಯಾ’ ಎಂಬುದರ ಸಂಕ್ಷೇಪ. ಸೈನ್‌ಗೂ ಜ್ಯಾ ಎಂದರೆ ಹತ್ತನೇ ತರಗತಿಯ ವಿದ್ಯಾರ್ಥಿ ಒಂದೇ ಪುಟದಲ್ಲಿ ಎರಡು ಜ್ಯಾಗಳನ್ನು ನೋಡಬೇಕಾಗುತ್ತದೆ. ಕೋಶದಲ್ಲಿ ಸೈನ್‌ಗೆ ಕನ್ನಡದಲ್ಲಿ ಸೈನ್ ಎಂದೇ ಬರೆಯಿರಿ. ‘ಜ್ಯಾ, ಐತಿಹಾಸಿಕ’ ಎಂದು ಬೇರೆ ಸಾಲು ಕೊಟ್ಟು, ‘ತ್ರಿಜ್ಯದಿಂದ ಗುಣಿಸಿದ ಸೈನ್’ ಎಂದು ವ್ಯಾಖ್ಯಾನಿಸಿ.

ಹಳೆಯ ಜ್ಯಾ ಕನ್ನಡದಿಂದ ಹೋಗಿಯೂ ಇಲ್ಲ. ‘ತ್ರಿಜ್ಯ’ ಎಂಬ ಪದವನ್ನೇ ಬಿಡಿಸಿ. ಮೂರು ರಾಶಿಗಳ ಜ್ಯಾ. ಒಂದು ರಾಶಿಗೆ 30 ಡಿಗ್ರಿಯಂತೆ ಮೂರು ರಾಶಿಗೆ 90 ಡಿಗ್ರಿ, 90 ಡಿಗ್ರಿಯ ಜ್ಯಾ ಎಂದರೆ ವೃತ್ತದ ತ್ರಿಜ್ಯವೇ. ಆಕಾಶದ ಲೆಕ್ಕ ಹಾಕುವವರ ಪರಿಭಾಷೆ ಹೀಗೆ ರೇಖಾಗಣಿತದೊಳಗೆ ಉಳಿದುಕೊಂಡಿದೆ. ‘ನಮ್ಮದು’, ‘ಅವರದು’ ಎಂಬ ಗಡಿ ಎಷ್ಟು ತೆಳುವೆಂದರೆ, ತ್ರಿಜ್ಯದ ಪಕ್ಕದಲ್ಲೇ ಕುಳಿತಿರುವ ‘ಕೇಂದ್ರ’ ಗ್ರೀಕಿನ ‘ಕೆಂಟ್ರಾನ್’. ಜ್ಯೋತಿಷದ ‘ಹೋರಾ’ ಕೂಡ ಗ್ರೀಕ್. ಆರನೇ ಶತಮಾನದ ವರಾಹಮಿಹಿರ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ ಮುಂತಾದ ಗ್ರೀಕ್ ಹೆಸರುಗಳನ್ನೂ ಸಂಸ್ಕೃತದ ಉಡುಪಿನಲ್ಲಿ ಕೊಟ್ಟಿದ್ದಾನೆ. ಸಾವಿರದೈನೂರು ವರ್ಷಗಳ ಹಿಂದಿನ ಪಂಡಿತರು ಎರವಲಿಗೆ ನಾಚಲಿಲ್ಲ. ನಾವು ನಾಚುವುದೇಕೆ?

ಹಾಗೆಂದು ಎಲ್ಲವನ್ನೂ ಎರವಲು ತರಬೇಕಿಲ್ಲ. 1607ರಲ್ಲಿ ಇಟಲಿಯ ಪಾದ್ರಿ ಮತ್ತೆಯೊ ರಿಚ್ಚಿ ಮತ್ತು ಚೀನೀ ವಿದ್ವಾಂಸ ಷು ಗ್ವಾಂಗ್‌ಚಿ ಯೂಕ್ಲಿಡ್‌ನ ಮೊದಲ ಆರು ಪುಸ್ತಕಗಳನ್ನು ಚೀನೀ ಭಾಷೆಗೆ ತಂದಾಗ ಬಿಂದು, ರೇಖೆ, ಸಮಾಂತರ ರೇಖೆ, ತ್ರಿಭುಜಗಳಿಗೆ ನಿಲ್ಲಿಸಿದ ಚೀನೀ ಪದಗಳು ಇಂದಿಗೂ ಚೀನಾದಲ್ಲಷ್ಟೇ ಅಲ್ಲ, ಜಪಾನಿನಲ್ಲೂ ನಡೆಯುತ್ತವೆ. ಅದೇ ಕಾಲದ ಸೈಮನ್ ಸ್ಟೆವಿನ್ ಡಚ್ ಭಾಷೆಗೆ ದೇಸಿ ಪದಗಳನ್ನು ಕಟ್ಟಿಕೊಟ್ಟ; ಅವನಿಂದಾಗಿ ಡಚ್ಚರು ಗಣಿತವನ್ನು ‘ಮ್ಯಾಥಮ್ಯಾಟಿಕ್ಸ್’ನ ರೂಪಾಂತರದಿಂದ ಕರೆಯದೆ ಸ್ವಂತ ಪದದಿಂದ ಕರೆಯುತ್ತಾರೆ. ಕನ್ನಡದಲ್ಲೂ ಕೊರತೆಯೇನಿಲ್ಲ, 12ನೇ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡದ ಪದ್ಯಗಳಲ್ಲೇ ಬರೆದ. ಪದ ಉಳಿಯುತ್ತದೆಯೇ ಇಲ್ಲವೇ ಎಂದು ತಿಳಿಯಲು ನಾನು ನೋಡುವುದು ಒಂದೇ: ಅದಕ್ಕೆ ಮಕ್ಕಳಾಗುತ್ತವೆಯೇ? ‘ವರ್ಗ’ದಿಂದ ವರ್ಗಮೂಲ, ವರ್ಗ ಸಮೀಕರಣ, ಪರಿಪೂರ್ಣ ವರ್ಗ ಹುಟ್ಟಿದವು. ‘ಸಮ’ದಿಂದ ಸಮೀಕರಣ, ಅಸಮತೆ, ಸಮಬಾಹು. ಇಂಥ ಪದವನ್ನು ಯಾರೂ ಅಲುಗಾಡಿಸಲಾರರು. ಸಮಿತಿಯಲ್ಲಿ ಹುಟ್ಟಿ ಒಂಟಿಯಾಗಿ ನಿಂತ ಆರೇಳು ಅಕ್ಷರದ ಸಮಾಸಕ್ಕೆ ಆಯುಷ್ಯ ಕಡಿಮೆ.

ಖಗೋಳಕ್ಕೆ ಬಂದರೆ ಪದಗಳು ಎರಡು ಜಾತಿಯಾಗಿ ಒಡೆಯುತ್ತವೆ: ಅಂಕಿತನಾಮ ಮತ್ತು ಪಾರಿಭಾಷಿಕ ಪದ. ನಕ್ಷತ್ರಪುಂಜಗಳ ಪಟ್ಟಿಯನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ 88ಕ್ಕೆ ನಿಲ್ಲಿಸಿತು. ಬೆಲ್ಜಿಯಂನ ಡೆಲ್ಪೋರ್ಟ್ ಗುರುತಿಸಿದ ಗಡಿಗಳು 1930ರಲ್ಲಿ ಪ್ರಕಟವಾದವು. ಅಧಿಕೃತ ಹೆಸರು ಲ್ಯಾಟಿನ್, ಜೊತೆಗೆ ಮೂರಕ್ಷರದ ಸಂಕೇತ. ಇವನ್ನು ಕೋಶದ ಪ್ರತ್ಯೇಕ ಅಂಕಣದಲ್ಲಿ ಬದಲಾವಣೆಯಿಲ್ಲದೆ ಕೊಡಿ. ಪಕ್ಕದಲ್ಲಿ ವೃಷಭ, ಮಹಾವ್ಯಾಧ, ಸಪ್ತರ್ಷಿಮಂಡಲ ಎಂದು ಬರೆಯಿರಿ. ಆದರೆ ಸಪ್ತರ್ಷಿಮಂಡಲದ ಏಳು ತಾರೆಗಳು ಮಹಾಕರಡಿ ಪುಂಜದ ಒಂದು ತುಂಡು ಮಾತ್ರ ಎಂಬ ಟಿಪ್ಪಣಿ ಇರಲಿ. 1603ರಲ್ಲಿ ಬಾಯರ್ ಆರಂಭಿಸಿದ ಆಲ್ಫಾ ಟೌರಿ ಬಗೆಯ ಹೆಸರುಗಳನ್ನು ಅನುವಾದಿಸಲೇಬೇಡಿ. ಅವು ವಿಳಾಸಗಳು.

ಆಲ್ಫಾ ಟೌರಿಗೆ ಆಲ್ಡೆಬರಾನ್ ಎಂಬ ಅರಬ್ಬಿ ಮೂಲದ ಹೆಸರಿದೆ, ನಮ್ಮಲ್ಲಿ ರೋಹಿಣಿ. ಹೀಗೆಯೇ ಸ್ಪೈಕಾ ಚಿತ್ತಾ, ಆರ್ಕ್‌ಟ್ಯುರಸ್ ಸ್ವಾತಿ, ಆಂಟಾರೆಸ್ ಜ್ಯೇಷ್ಠಾ, ವೇಗಾ ಅಭಿಜಿತ್. ಪಟ್ಟಿ ಮಾಡುವುದು ಸುಲಭವೆನಿಸುತ್ತದೆ, ಅಲ್ಲೇ ಹಳ್ಳವಿದೆ. ರೋಹಿಣಿ ಎಂದರೆ ಆ ಕೆಂಪು ತಾರೆಯೂ ಹೌದು, ಕ್ರಾಂತಿವೃತ್ತವನ್ನು (ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ಪಥವನ್ನು) 27 ಸಮಪಾಲು ಮಾಡಿದಾಗ ಬರುವ 13 ಡಿಗ್ರಿ 20 ನಿಮಿಷದ ಒಂದು ವಿಭಾಗವೂ ಹೌದು. ಪಂಚಾಂಗದಲ್ಲಿ ‘ಇಂದು ರೋಹಿಣಿ ನಕ್ಷತ್ರ’ ಎಂದಿದ್ದರೆ ಚಂದ್ರ ಆ ವಿಭಾಗದಲ್ಲಿದ್ದಾನೆ ಎಂದರ್ಥ, ತಾರೆಯ ಪಕ್ಕದಲ್ಲಿದ್ದಾನೆ ಎಂದಲ್ಲ. ಎರಡು ಸಾಲು ಬೇಕು. ‘ಮೇಷ’ಕ್ಕಂತೂ ಮೂರು: ಅಸಮಾನ ಗಡಿಗಳ ಪುಂಜ, ನಿರಯಣ ಪದ್ಧತಿಯ (ಸ್ಥಿರ ತಾರೆಗಳನ್ನು ಆಧರಿಸಿ ಎಣಿಸುವ) 30 ಡಿಗ್ರಿಯ ರಾಶಿ, ಸಾಯನ ಪದ್ಧತಿಯ (ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮವಾಗುವಾಗ ಸೂರ್ಯನಿರುವ ವಸಂತ ವಿಷುವ ಬಿಂದುವಿನಿಂದ ಎಣಿಸುವ) 30 ಡಿಗ್ರಿಯ ರಾಶಿ. ಭೂಮಿಯ ಅಕ್ಷದ ದಿಕ್ಕು ನಿಧಾನವಾಗಿ ಬದಲಾಗುವ ಅಯನಚಲನೆಯಿಂದಾಗಿ ಇವು ಪರಸ್ಪರ ಸರಿದುಹೋಗಿವೆ. ಇಂಗ್ಲಿಷಿನಲ್ಲಿ ವಸಂತ ವಿಷುವ ಬಿಂದುವನ್ನು ಇಂದಿಗೂ ‘ಮೇಷದ ಮೊದಲ ಬಿಂದು’ ಎನ್ನುತ್ತಾರೆ, ಆ ಬಿಂದು ಈಗಿರುವುದು ಮೀನ ಪುಂಜದಲ್ಲಿ. ಅದನ್ನು ‘ಮೇಷಾದಿ’ ಎಂದು ಅನುವಾದಿಸಿದರೆ ನಿರಯಣದವರು ಬೇರೆಯೇ ಬಿಂದುವನ್ನು ನೋಡುತ್ತಾರೆ. ‘ವಸಂತ ವಿಷುವ ಬಿಂದು’ ಎನ್ನಿ, ಜಗಳವಿಲ್ಲ. ಅಂದಹಾಗೆ ಹರಿವು ಏಕಮುಖವಾಗಿಲ್ಲ. ತಾರೆಗಳ ಹೆಸರುಗಳಿಗಾಗಿ ಒಕ್ಕೂಟ 2016ರಲ್ಲಿ ಕಾರ್ಯತಂಡ ರಚಿಸಿದ ಮೇಲೆ ರೇವತಿ, ಭರಣಿ ಎಂಬ ಹೆಸರುಗಳೂ ಅಧಿಕೃತ ಪಟ್ಟಿಗೆ ಸೇರಿವೆ.

ದೂರದರ್ಶಕದ ಕಾಲದ ಗ್ರಹಗಳಿಗೆ ಹಳೆಯ ಹೆಸರಿಲ್ಲ. 1781ರಲ್ಲಿ ಸಿಕ್ಕ ಯುರೇನಸ್ಸಿಗೆ ಹಿಂದಿಯಲ್ಲಿ ಅರುಣ, 1846ರ ನೆಪ್ಚೂನಿಗೆ ವರುಣ ಎನ್ನುವ ರೂಢಿಯಿದೆ. ಚೀನಾ, ಜಪಾನುಗಳಲ್ಲಿ ಆಕಾಶರಾಜ ತಾರೆ, ಕಡಲರಾಜ ತಾರೆ. ಕನ್ನಡ ಯುರೇನಸ್, ನೆಪ್ಚೂನ್ ಎಂದೇ ಇಟ್ಟುಕೊಂಡಿತು, ಅದರಿಂದ ಒಂದು ಅನಾಹುತ ತಪ್ಪಿತು. 2000ದಲ್ಲಿ ನೆಪ್ಚೂನಿನ ಆಚೆ ಪತ್ತೆಯಾದ ಕಾಯವೊಂದಕ್ಕೆ ಒಕ್ಕೂಟ ಕೊಟ್ಟ ಅಧಿಕೃತ ಹೆಸರೇ ವರುಣ. ಹಿಂದಿ ಲೇಖಕರಿಗೆ ಈಗ ಎರಡು ವರುಣರು. ಅಂಕಿತನಾಮಗಳನ್ನು ಅನುವಾದಿಸುವ ಉತ್ಸಾಹಕ್ಕೆ ಇಂಥ ದಂಡ ಬೀಳುತ್ತಿರುತ್ತದೆ.

ಪಾರಿಭಾಷಿಕ ಪದಗಳಲ್ಲಿ ‘ಗ್ರಹ’ಕ್ಕೆ ತಾರೀಖು ಹಾಕುವುದು ಕಡ್ಡಾಯ. ನವಗ್ರಹಗಳಲ್ಲಿ ಸೂರ್ಯ, ಚಂದ್ರ ಇದ್ದಾರೆ, ಚಂದ್ರಪಥ ಕ್ರಾಂತಿವೃತ್ತವನ್ನು ದಾಟುವ ಎರಡು ಪಾತಬಿಂದುಗಳಾದ ರಾಹುಕೇತುಗಳಿದ್ದಾರೆ, ಭೂಮಿ ಇಲ್ಲ. ಅದೊಂದು ಸಾಲು. ಸೂರ್ಯನನ್ನು ಸುತ್ತುವ ದೊಡ್ಡ ಕಾಯ ಎಂಬ ಸಡಿಲ ಆಧುನಿಕ ಅರ್ಥ ಇನ್ನೊಂದು; 1801ರಲ್ಲಿ ಸಿಕ್ಕ ಸಿರಿಸ್ ಆ ಅರ್ಥದಲ್ಲಿ ಕೆಲವು ದಶಕ ಗ್ರಹವೆಂದೇ ಎಣಿಸಲ್ಪಟ್ಟಿತ್ತು. 2006ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಒಕ್ಕೂಟ ಒಪ್ಪಿದ ವ್ಯಾಖ್ಯೆ ಮೂರನೆಯದು. ಅದರ ಪ್ರಕಾರ ಪ್ಲೂಟೊದಂಥ ‘ಕುಬ್ಜ ಗ್ರಹ’ ಗ್ರಹವಲ್ಲ. ಕನ್ನಡದ ಕಿವಿಗೆ ಇದು ಒಗ್ಗುವುದಿಲ್ಲ, ಇಂಗ್ಲಿಷಿನ ಕಿವಿಗೂ ಒಗ್ಗುವುದಿಲ್ಲ. ಕೆಂಪು ಕುಬ್ಜ ನಕ್ಷತ್ರ ನಕ್ಷತ್ರವೇ ಆಗಿರುವಾಗ ಕುಬ್ಜ ಗ್ರಹ ಮಾತ್ರ ಗ್ರಹವಾಗದಿರುವುದು ಹೇಗೆ? ಆ ಅಸಂಗತಿಯನ್ನು ಸರಿಪಡಿಸಲು ನೀವು ಹೊಸ ಪದ ಟಂಕಿಸಬೇಡಿ. ವ್ಯಾಖ್ಯೆಯಲ್ಲಿ ಹೇಳಿದರೆ ಸಾಕು.

ಇದೇ ಮಾತು ‘ಗ್ರಹೀಯ ನೀಹಾರಿಕೆ’ಗೂ ಅನ್ವಯಿಸುತ್ತದೆ. ಅದಕ್ಕೂ ಗ್ರಹಗಳಿಗೂ ಸಂಬಂಧವಿಲ್ಲ. ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲದ ಹೊದಿಕೆ ಖಗೋಳವಿಜ್ಞಾನಿ ಹರ್ಷಲ್‌ನ ದೂರದರ್ಶಕದಲ್ಲಿ ಗ್ರಹದ ಬಿಲ್ಲೆಯಂತೆ ಕಂಡಿತು, ಹೆಸರು ಅಂಟಿತು. ಖಗೋಳವಿಜ್ಞಾನಿಗಳು ಹೀಲಿಯಮ್‌ಗಿಂತ ಭಾರವಾದ ಎಲ್ಲ ಧಾತುಗಳನ್ನೂ, ಆಮ್ಲಜನಕವನ್ನು ಸಹ, ‘ಲೋಹ’ ಎನ್ನುವಾಗ ರಸಾಯನವಿಜ್ಞಾನಿಗಳು ಹುಬ್ಬೇರಿಸುತ್ತಾರೆ. ಕ್ಷೇತ್ರಾನುಸಾರ ಗುರುತು ಹಾಕಿ, ಪದವನ್ನು ಹಾಗೆಯೇ ಬಿಡಿ. ಪರಿಭಾಷೆಯ ಕೋಶ ವಿಜ್ಞಾನವನ್ನು ತಿದ್ದುವ ಜಾಗವಲ್ಲ.

ಕನ್ನಡದೊಳಗೇ ಪೈಪೋಟಿ ಇರುವಲ್ಲಿ ಮಾತ್ರ ನೀವು ತೀರ್ಪು ಕೊಡಬೇಕಾಗುತ್ತದೆ. 1967ರ ಬಳಿಕ ಭೌತವಿಜ್ಞಾನಿ ವೀಲರ್ ಜನಪ್ರಿಯಗೊಳಿಸಿದ ‘ಬ್ಲ್ಯಾಕ್ ಹೋಲ್’ ಎಂಬ ಇಂಗ್ಲಿಷ್ ಹೆಸರಿಗೆ ನಮ್ಮಲ್ಲಿ ಕಪ್ಪುಕುಳಿ, ಕಪ್ಪುರಂಧ್ರ, ಕೃಷ್ಣರಂಧ್ರ ಮೂರೂ ಇವೆ. ನನ್ನ ಮತ ಕಪ್ಪುಕುಳಿಗೆ. ರಂಧ್ರ ಎಂದರೆ ಆಚೆಬದಿ ತೆರೆದಿದೆ ಎಂಬ ಭಾವ ಬರುತ್ತದೆ, ಕುಳಿಗೆ ಬಿದ್ದದ್ದು ಮರಳದು. ಚಂದ್ರನ ಮೇಲಿನ ಕುಳಿಗಳಿಗೂ ಅದೇ ಪದವಿದ್ದರೂ ‘ಕಪ್ಪು’ ಕಾಪಾಡುತ್ತದೆ. ಉಳಿದೆರಡನ್ನು ‘ಬಳಕೆಯಲ್ಲಿದೆ’ ಎಂಬ ಗುರುತಿನೊಂದಿಗೆ ಅದೇ ಸಾಲಿನಲ್ಲಿ ಕೊಡಿ. ಅಳಿಸಿಹಾಕಿದರೆ ಹಳೆಯ ಪುಸ್ತಕ ಓದುವವನಿಗೆ ನಿಮ್ಮ ಕೋಶ ಕೆಲಸಕ್ಕೆ ಬಾರದು. ‘ಬ್ರಹ್ಮಾಂಡ’ದ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ಕೆಲವರು ಅದನ್ನು ಇಡೀ ವಿಶ್ವಕ್ಕೆ ಬಳಸುತ್ತಾರೆ, ಕೆಲವರು ಒಂದು ಗ್ಯಾಲಕ್ಸಿಗೆ. ವಿಶ್ವಕ್ಕೆ ‘ವಿಶ್ವ’, ಗ್ಯಾಲಕ್ಸಿಗೆ ‘ಗ್ಯಾಲಕ್ಸಿ’, ನಮ್ಮ ಗ್ಯಾಲಕ್ಸಿಗೆ ‘ಆಕಾಶಗಂಗೆ’ ಎಂದು ಹಂಚಿದರೆ ಬ್ರಹ್ಮಾಂಡವನ್ನು ಪುರಾಣಕ್ಕೆ ಬಿಟ್ಟುಕೊಡಬಹುದು. ಹಿಂದಿ ಅಂಕಣದಲ್ಲಿ ಆಕಾಶಗಂಗಾ ಎರಡೂ ಅರ್ಥಗಳಲ್ಲಿ ಬರುತ್ತದೆ ಎಂಬುದನ್ನು ನೆನಪಿಡಿ.

ಪದಗಳಷ್ಟೇ ಸಂಖ್ಯೆಗಳೂ ಮೋಸ ಮಾಡುತ್ತವೆ. ಇಂಗ್ಲಿಷಿನ ಬಿಲಿಯನ್ ನೂರು ಕೋಟಿ. ಜರ್ಮನ್‌ನ ‘ಬಿಲಿಯೋನ್’ ಲಕ್ಷ ಕೋಟಿ. ಬ್ರಿಟಿಷ್ ಸರ್ಕಾರ ಅಧಿಕೃತವಾಗಿ ನೂರು ಕೋಟಿಯ ಅರ್ಥಕ್ಕೆ ಬಂದದ್ದು 1974ರಲ್ಲಿ, ಅದಕ್ಕೂ ಹಿಂದಿನ ಬ್ರಿಟಿಷ್ ಪುಸ್ತಕಗಳಿಂದ ಅಂಕಿ ಎತ್ತುವಾಗ ಎಚ್ಚರ. ಭೂಮಿ, ಸೂರ್ಯರ ನಡುವಿನ ಸರಾಸರಿ ದೂರದಿಂದ ಬಂದ ಅಳತೆಯಾದ ಖಗೋಳಮಾನವನ್ನು 2012ರಲ್ಲಿ ನಿಖರವಾಗಿ 149 597 870 700 ಮೀಟರ್ ಎಂದು ನಿಗದಿಪಡಿಸಲಾಯಿತು. ಕನ್ನಡ ಓದುಗನಿಗೆ ಅದು ಸುಮಾರು 14.96 ಕೋಟಿ ಕಿಲೋಮೀಟರ್ ಎಂದರೆ ತಟ್ಟನೆ ಹೊಳೆಯುತ್ತದೆ. ಕೋಶದಲ್ಲಿ ಎರಡೂ ಇರಲಿ. ಜರ್ಮನ್, ಫ್ರೆಂಚ್ ಬರಹದಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಹಾಗಾಗಿ ಅಲ್ಲಿ 1,234 ಎಂದರೆ ಒಂದಕ್ಕಿಂತ ತುಸು ಹೆಚ್ಚು. ಚುಕ್ಕಿ, ಅಲ್ಪವಿರಾಮ ಎರಡೂ ಸರಿ ಎಂದು 2003ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನವೇ ಒಪ್ಪಿರುವುದರಿಂದ, ಸಾವಿರಗಳನ್ನು ಬೇರ್ಪಡಿಸಲು ಖಾಲಿ ಜಾಗ ಬಿಡುವುದೇ ಕ್ಷೇಮ. ಚಿಹ್ನೆಗಳಿಗೂ ಒಂದು ಅಂಕಣ ಬೇಕು. ಟ್ಯಾನ್ ಎಂದು ನಾವು ಬರೆಯುವುದನ್ನು ರಷ್ಯನ್ನರು ಟಿ ಮತ್ತು ಜಿ ಎಂಬ ಎರಡಕ್ಷರದಲ್ಲಿ ಬರೆಯುತ್ತಾರೆ, ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ದಂಥ ಸಂಕ್ಷೇಪಗಳಂತೂ ಭಾಷೆಗೊಂದು.

ಕೊನೆಯದಾಗಿ, ಖಾಲಿ ಮನೆಗಳ ಬಗ್ಗೆ. ಆರು ಅಂಕಣಗಳಲ್ಲಿ ಒಂದು ಖಾಲಿ ಉಳಿದರೆ ಕೈ ತುರಿಸುತ್ತದೆ, ಏನಾದರೂ ತುಂಬಿಬಿಡೋಣ ಎನಿಸುತ್ತದೆ. ತುಂಬಬೇಡಿ. ಚಂದ್ರ ಒಂದು ತಾರೆಯನ್ನು ಮರೆಮಾಡುವ ಘಟನೆಗೆ ಕನ್ನಡದಲ್ಲಿ ನೆಲೆನಿಂತ ಒಂದೇ ಪದ ನಿಮಗೆ ಸಿಗದಿದ್ದರೆ ಅಲ್ಲಿ ‘ಚಂದ್ರನಿಂದ ತಾರೆ ಮರೆಯಾಗುವುದು’ ಎಂಬ ವಿವರಣೆ ಇರಲಿ, ಅದು ಪದವಲ್ಲ ವಿವರಣೆ ಎಂಬ ಗುರುತೂ ಇರಲಿ. ನೀವೇ ಕಟ್ಟಿದ ಪದವಾದರೆ ‘ಸೂಚಿತ’ ಎಂದು ಬರೆದು ವರ್ಷ ಹಾಕಿ. ಮುಂದಿನ ಆವೃತ್ತಿಯ ಹೊತ್ತಿಗೆ ಅದನ್ನು ಬೇರೆ ಯಾರಾದರೂ ಬಳಸಿದ್ದಾರೆಯೇ ಎಂದು ನೋಡಿ, ಬಳಸಿದ್ದರೆ ಗುರುತನ್ನು ತೆಗೆಯಿರಿ, ಇಲ್ಲದಿದ್ದರೆ ಪದವನ್ನೇ ತೆಗೆಯಿರಿ.